ವಾರಂಟಿ ಮುಗಿಯುವ ಮುನ್ನ ಟ್ರ್ಯಾಕ್ಟರ್ ಇಂಜಿನ್ ತಪಾಸಣೆ

ಹೊಸ ಟ್ರ್ಯಾಕ್ಟರಿನ ಇಂಜಿನಿನಲ್ಲಿ ತಯಾರಿಕೆಯ ದೋಷವಿದ್ದರೆ, ವಾರಂಟಿ ಅವಧಿಯೊಳಗೆ ಅದನ್ನು ಉಚಿತವಾಗಿ ಸರಿಪಡಿಸಿಕೊಡುವುದು ಕಂಪನಿಯ ಹೊಣೆ. ಅವಧಿ ಮುಗಿದ ಮೇಲೆ ಅದೇ ದೋಷ ಕಂಡುಬಂದರೆ ಲೈನರ್, ಪಿಸ್ಟನ್, ರಿಂಗುಗಳ ಖರ್ಚೆಲ್ಲ ರೈತನ ಮೇಲೆ ಬೀಳುತ್ತದೆ. ಆದ್ದರಿಂದ ಒಂದೆರಡು ತಿಂಗಳು ಮುಂಚಿತವಾಗಿಯೇ ಇಂಜಿನನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಅವಧಿಯ ಲೆಕ್ಕ: ವಾರಂಟಿಯನ್ನು ಸಾಮಾನ್ಯವಾಗಿ ವರ್ಷ ಮತ್ತು ಗಂಟೆ ಎರಡರಲ್ಲೂ ಗೊತ್ತುಮಾಡಿರುತ್ತಾರೆ. ಯಾವುದು ಮೊದಲು ತೀರುವುದೋ ಅಲ್ಲಿಗೆ ವಾರಂಟಿ ಮುಗಿಯಿತು. ಉದಾಹರಣೆಗೆ, 2 ವರ್ಷ ಅಥವಾ 2000 ಗಂಟೆ ಎಂದಿದ್ದು, ಟ್ರ್ಯಾಕ್ಟರ್ ತಿಂಗಳಿಗೆ 100 ಗಂಟೆ ದುಡಿದರೆ 20 ತಿಂಗಳಿಗೇ ವಾರಂಟಿ ತೀರುತ್ತದೆ. ಆದುದರಿಂದ ತಾರೀಖಿನ ಜೊತೆಗೆ ಗಂಟೆ ಮೀಟರನ್ನೂ ಗಮನಿಸುತ್ತಿರಬೇಕು.

ಹೊಗೆ: ಬೆಳಗ್ಗೆ ತಣ್ಣಗಿರುವ ಇಂಜಿನ್ ಚಾಲೂ ಮಾಡಿದಾಗ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಇಂಜಿನ್ ಕಾದ ಮೇಲೂ ಅದು ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೆ ಸಿಲಿಂಡರಿಗೆ ನೀರು ಸೋರುತ್ತಿದೆ ಎಂದು ತಿಳಿಯಬೇಕು. ನೀಲಿ ಹೊಗೆ ಇಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಸತತವಾಗಿ ಕಪ್ಪು ಹೊಗೆ ಬಂದರೆ ಮೊದಲು ಏರ್ ಕ್ಲೀನರ್ ಕಟ್ಟಿಕೊಂಡಿದೆಯೇ ಎಂದು ನೋಡಬೇಕು.

ಆಯಿಲ್: ಟ್ರ್ಯಾಕ್ಟರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಾಲೂ ಮಾಡುವ ಮೊದಲು ಅಳತೆ ಕಡ್ಡಿ ತೆಗೆದು ನೋಡಬೇಕು. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮಟ್ಟ ತಾನಾಗಿ ಏರಿದ್ದರೆ ಡೀಸೆಲ್ ಅಥವಾ ನೀರು ಸೇರಿರುವ ಸಂಭವವಿದೆ. ಹೊಸದಾಗಿ ಆಯಿಲ್ ಸುರಿದಾಗಲೆಲ್ಲ ಎಷ್ಟು ಸುರಿದಿದೆ, ಆಗ ಮೀಟರಿನಲ್ಲಿ ಎಷ್ಟು ಗಂಟೆ ಇತ್ತು ಎಂಬುದನ್ನು ಬರೆದಿಡಬೇಕು.

ಬ್ರೀದರ್: ಕಾದ ಇಂಜಿನ್ ನಿಧಾನವಾಗಿ ಓಡುತ್ತಿರುವಾಗ ಬ್ರೀದರ್ ಕೊಳವೆಯಿಂದ ಹೊಗೆ ರಭಸವಾಗಿ ಬಂದರೆ ರಿಂಗುಗಳ ಬಗ್ಗೆ ಸಂಶಯ ಪಡಬೇಕು. ಅಂಥ ಸಂದರ್ಭದಲ್ಲಿ ಸರ್ವೀಸ್ ಕೇಂದ್ರದಲ್ಲಿ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು.

ರೇಡಿಯೇಟರ್: ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಮುಚ್ಚಳ ತೆಗೆಯಬೇಕು. ನೀರಿನ ಮೇಲೆ ಆಯಿಲ್ ತೇಲುತ್ತಿದ್ದರೆ, ಅಥವಾ ಚಾಲೂ ಮಾಡಿದಾಗ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಕೆಟ್ಟಿರಬಹುದು.

ದಾಖಲೆ: ದೂಳು ಒಳಹೊಕ್ಕು ಸವೆದ ಇಂಜಿನಿಗೆ ವಾರಂಟಿ ಸಿಗುವುದು ಕಷ್ಟ. ಅದನ್ನು ತಯಾರಿಕೆಯ ದೋಷವೆಂದು ಕಂಪನಿ ಒಪ್ಪುವುದಿಲ್ಲ. ಆದ್ದರಿಂದ ಏರ್ ಕ್ಲೀನರಿನ ರಬ್ಬರ್ ಕೊಳವೆ, ಕ್ಲಿಪ್ಪುಗಳು ಬಿಗಿಯಾಗಿರಬೇಕು. ಡೀಸೆಲ್ ಪಂಪಿನ ಸೀಲನ್ನು ಹೊರಗಿನ ಮೆಕ್ಯಾನಿಕ್‌ರಿಂದ ಬಿಚ್ಚಿಸಬಾರದು. ಎಲ್ಲ ಸರ್ವೀಸುಗಳನ್ನೂ ಸಕಾಲಕ್ಕೆ ಮಾಡಿಸಿ ರಸೀದಿ ಇಟ್ಟುಕೊಂಡಿರಬೇಕು.

ದೋಷ ಕಂಡಾಗ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ದೂರು, ತಾರೀಖು ಮತ್ತು ಗಂಟೆ ಮೀಟರಿನ ಅಂಕಿಯನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಅದರ ಪ್ರತಿಯನ್ನು ಪಡೆಯಬೇಕು. ಮುಂದೆ ಇದೇ ರೈತನಿಗೆ ಆಧಾರ. ನ್ಯಾಯವಾದ ಬೇಡಿಕೆಯನ್ನು ತಿರಸ್ಕರಿಸಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಸಲ್ಲಿಸಬಹುದು.