ನೀರೊಳಗಿನ ಉಸಿರು



ಬಹಳ ವರ್ಷಗಳ ಹಿಂದೆ ನನ್ನಲ್ಲಿ ವಿಜ್ಞಾನಪಾಠವನ್ನು ಕಲಿತಿದ್ದ ಒಬ್ಬಾಕೆಯು ಕಳೆದ ಚಳಿಗಾಲದಲ್ಲಿ ನನಗೊಂದು ಕಾಗದ ಬರೆದಳು. ಅವಳ ಮಗಳು ಕಾಲೇಜಿನ ಗೆಳತಿಯರ ಕೂಡ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪವನ್ನು ಸೇರಿ, ಸಮುದ್ರದಲ್ಲಿ ಮುಳುಗಿ ಹವಳಗಳನ್ನೂ ಮೀನುಗಳನ್ನೂ ನೋಡಬೇಕೆಂದು ಹಟ ಹಿಡಿದಿದ್ದಳು. ಹೋಗುವವರು ಆರೋಗ್ಯದ ವಿಷಯವಾಗಿ ಒಂದು ಪತ್ರವನ್ನು ತುಂಬಿಕೊಡಬೇಕು. ಅದರಲ್ಲಿ “ಉಬ್ಬಸವಿದೆಯೇ, ಅಥವಾ ಹಿಂದೆ ಇತ್ತೇ?” ಎಂಬ ಪ್ರಶ್ನೆಯಿತ್ತು. ಹುಡುಗಿಗೆ ಹತ್ತನೆಯ ವಯಸ್ಸಿನ ತನಕ ಉಬ್ಬಸವಿದ್ದದ್ದು ನಿಜ. ಆದರೆ “ಹೌದು” ಎಂದು ಬರೆದರೆ ತನ್ನನ್ನು ನೀರಿಗೆ ಇಳಿಸುವದಿಲ್ಲವೆಂದು ಅವಳು ಅಳುತ್ತಿದ್ದಳು. “ಟೀಚರೇ, ಈಗ ಗುಣವಾಗಿದೆಯಲ್ಲವೇ? ಇಲ್ಲ ಎಂದೇ ಬರೆದುಬಿಡಲೇ?” ಎಂದು ತಾಯಿಯು ಕೇಳಿದ್ದಳು. ಇಂಥ ಪ್ರಶ್ನೆಯು ನಿಮ್ಮಲ್ಲಿ ಅನೇಕರ ಮನೆಗಳಲ್ಲಿಯೂ ಏಳುವ ಸಂಭವವಿರುವದರಿಂದ, ಅವಳಿಗೆ ಬರೆದ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಕೊಡುತ್ತೇನೆ.

ತರಗತಿಯಲ್ಲಿ ನಾವು ಒಂದು ಗಾಜಿನ ಲೋಟವನ್ನು ಬೋರಲಾಗಿ ಹಿಡಿದು ನೀರಿನ ತೊಟ್ಟಿಯಲ್ಲಿ ಅದುಮುತ್ತಿದ್ದದ್ದು ನಿಮ್ಮ ನೆನಪಿನಲ್ಲಿರಬಹುದು. ಒಳಗಿನ ಗಾಳಿಯು ಹೊರಗೆ ಹೋಗದಿದ್ದರೂ ನೀರು ಸ್ವಲ್ಪ ಮೇಲಕ್ಕೇರಿ ಗಾಳಿಯು ಕುಗ್ಗಿದಂತೆ ಕಾಣುತ್ತಿತ್ತು. ತೊಟ್ಟಿಯಲ್ಲಿ ಇದು ಕೂದಲೆಳೆಯಷ್ಟು, ಸಮುದ್ರದಲ್ಲಾದರೋ ಬಹಳ. ಹತ್ತು ಮೀಟರು ಕೆಳಗೆ ಹೋದರೆ ಒತ್ತಡವು ಮೇಲಿದ್ದುದರ ಎರಡರಷ್ಟಾಗುವದು, ಲೋಟದೊಳಗಿನ ಗಾಳಿಯು ಅರ್ಧಕ್ಕೆ ಇಳಿಯುವದು. ಇಪ್ಪತ್ತು ಮೀಟರಿನಲ್ಲಿ ಮೂರರಲ್ಲೊಂದು ಪಾಲು, ಮೂವತ್ತರಲ್ಲಿ ಕಾಲು ಪಾಲು. ರಾಬರ್ಟ್ ಬಾಯ್ಲನು ೧೬೬೨ರಲ್ಲಿ ಪ್ರಕಟಿಸಿದ ನಿಯಮವೇ ಇದು. ಮುಳುಗುವವರ ಸಾಧನಗಳನ್ನೂ ಅಪಾಯಗಳನ್ನೂ ತಿಳಿಯುವದಕ್ಕೆ ಇದೊಂದು ನಿಯಮವೇ ಬಹುಮಟ್ಟಿಗೆ ಸಾಕು.

ಮೊದಲು ಸಾಧನಗಳನ್ನು ನೋಡೋಣ. ಬೆನ್ನಿನ ಮೇಲಿನ ಸಿಲಿಂಡರಿನಲ್ಲಿರುವದು ಆಮ್ಲಜನಕವೆಂದು ಪತ್ರಿಕೆಗಳಲ್ಲಿ ಪದೇ ಪದೇ ಅಚ್ಚಾಗುತ್ತದೆ. ಅದು ತಪ್ಪು. ಅದರಲ್ಲಿರುವದು ನಾವೆಲ್ಲರೂ ಸೇವಿಸುವ ಸಾಧಾರಣ ಗಾಳಿಯೇ, ಇನ್ನೂರು ಪಟ್ಟು ಒತ್ತಿ ತುಂಬಿದ್ದು. ಹನ್ನೊಂದು ಲೀಟರಿನ ಸಿಲಿಂಡರಿನಲ್ಲಿ ಈ ಪ್ರಕಾರ ಸುಮಾರು ೨,೨೦೦ ಲೀಟರು ಗಾಳಿಯು ಹಿಡಿಸುವದು. ನಿಮಿಷಕ್ಕೆ ಇಪ್ಪತ್ತು ಲೀಟರು ಸೇವಿಸುವವಳಿಗೆ ನೀರಿನ ಮೇಲೆ ಅದು ೧೧೦ ನಿಮಿಷ ಬರುವದು. ಹತ್ತು ಮೀಟರಿನಲ್ಲಿ ಅದರ ಅರ್ಧ ಮಾತ್ರ. ಗಾಬರಿಗೊಂಡವಳಿಗೆ ಇನ್ನೂ ಕಡಿಮೆ. ಆದಕಾರಣ ಒತ್ತಡ ತೋರಿಸುವ ಮಾಪಕವನ್ನು ಆಗಾಗ್ಗೆ ನೋಡುತ್ತ, ಐವತ್ತರ ಗೆರೆಗೆ ಮುಳ್ಳು ಬರುವದರೊಳಗೆ ದೋಣಿಯ ಬಳಿಗೆ ತಿರುಗಿ ಬಂದಿರಬೇಕು.

ಸಿಲಿಂಡರಿನ ಗಾಳಿಯನ್ನು ಹಾಗೆಯೇ ಬಾಯಿಗೆ ಬಿಟ್ಟರೆ ಪ್ರಾಣಕ್ಕೆ ಕೇಡು. ಬೇಕಾದಾಗ, ಬೇಕಾದಷ್ಟು, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಗಾಳಿಯನ್ನು ಕೊಡುವ ಕವಾಟಕ್ಕೆ ರೆಗ್ಯುಲೇಟರು ಎನ್ನುವರು. ೧೯೪೩ರಲ್ಲಿ ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಝಾಕ್ ಕೂಸ್ಟೋ ಎಂಬವನೂ ಎಮಿಲ್ ಗಾನ್ಯಾಂ ಎಂಬ ಇಂಜಿನಿಯರನೂ ಕೂಡಿ ಇದನ್ನು ಈಗಿನ ರೂಪಕ್ಕೆ ತಂದರು. ಯುದ್ಧಕಾಲದಲ್ಲಿ ಪೆಟ್ರೋಲು ಸಿಕ್ಕದೆ ಮೋಟಾರುಗಳನ್ನು ಅನಿಲದಿಂದ ಓಡಿಸಲು ಗಾನ್ಯಾಂ ಮಾಡಿದ್ದ ಕವಾಟವೇ ಇದಕ್ಕೆ ಮೂಲವಾಯಿತು. ಸಂಗಡಿಗಳಿಗೆ ಗಾಳಿ ಮುಗಿದರೆ ಕೊಡುವದಕ್ಕಾಗಿ ಹಳದಿ ಬಣ್ಣದ ಎರಡನೆಯ ಬಾಯಿತುಂಡೊಂದು ಸಾಮಾನ್ಯವಾಗಿ ಜೊತೆಗಿರುವದು. ಗಾಳಿ ತುಂಬುವ ಜಾಕೀಟು, ಸೀಸದ ತೂಕಗಳುಳ್ಳ ಬೆಲ್ಟು, ಕಾಲಿಗೆ ರೆಕ್ಕೆ ಇವುಗಳ ವಿಷಯ ಹೆಚ್ಚು ಹೇಳಬೇಕಾದದ್ದಿಲ್ಲ; ಬೆಲ್ಟನ್ನು ಮಾತ್ರ ಒಂದೇ ಕೈಯಿಂದ ಬಿಚ್ಚಿ ಬಿಸಾಡುವಂತೆ ಕಟ್ಟಿರಬೇಕು. ಮಾಸ್ಕು ಮೂಗನ್ನೂ ಮುಚ್ಚುವಂಥದ್ದಾಗಿರುವದು. ಇಳಿಯುವಾಗ ಕಿವಿಯ ತಮಟೆಯು ಒಳಕ್ಕೆ ಒತ್ತಲ್ಪಟ್ಟು ನೋಯುವದು. ಆಗ ಮೂಗನ್ನು ಹಿಡಿದು ಮೆಲ್ಲಗೆ ಊದಿದರೆ ಸಮವಾಗುವದು. ನೆಗಡಿಯಾದವರಿಗೆ ಇದು ಸಾಧ್ಯವಾಗದ ಕಾರಣ, ಹಣ ಕಟ್ಟಿದ್ದರೂ ಆ ದಿನ ದಡದಲ್ಲಿರುವದೇ ಸರಿ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಹತ್ತು ಮೀಟರು ಆಳದಲ್ಲಿ ಐದು ಲೀಟರು ಗಾಳಿಯನ್ನು ಎದೆತುಂಬ ಎಳೆದುಕೊಂಡವಳು ಉಸಿರು ಬಿಗಿಹಿಡಿದು ಮೇಲಕ್ಕೆ ಬಂದರೆ, ಆ ಐದು ಲೀಟರು ಹತ್ತು ಲೀಟರಾಗಲು ಯತ್ನಿಸುವದು. ಶ್ವಾಸಕೋಶದಲ್ಲಿ ಅಷ್ಟು ಸ್ಥಳವೆಲ್ಲಿದೆ? ಅದು ಹರಿದು, ಗಾಳಿಯ ಗುಳ್ಳೆಗಳು ರಕ್ತಕ್ಕೆ ಸೇರಿ ಮಿದುಳಿಗೆ ಹೋಗುವವು. ಎರಡು ಮೀಟರು ಆಳದಿಂದಲೂ ಇಂಥ ಗಾಯವಾಗಬಹುದು. ಆದುದರಿಂದ ಮುಳುಗುವವರಿಗೆ ಕಲಿಸುವ ಮೊದಲನೆಯ ಪಾಠವು, ಎಂದಿಗೂ ಉಸಿರು ಹಿಡಿಯಬಾರದೆಂಬದೇ. ಈಜುವದರಲ್ಲಿ ಜಾಣೆಯರಾದವರಿಗೆ ಇದು ವಿಶೇಷ ಕಷ್ಟ. ಯಾಕಂದರೆ ಕೆರೆಯಲ್ಲಿ ಉಸಿರು ಹಿಡಿಯುವದೇ ಅವರಿಗೆ ರೂಢಿ.

ಎರಡನೆಯ ಅಪಾಯವು ನಿಧಾನವಾದದ್ದು. ಒತ್ತಡದಲ್ಲಿ ಸೇವಿಸಿದ ಗಾಳಿಯ ಸಾರಜನಕವು ರಕ್ತಮಾಂಸಗಳಲ್ಲಿ ಕರಗಿರುವದು. ಬೇಗನೆ ಮೇಲೆ ಬಂದರೆ, ಸೋಡಾ ಬುಡ್ಡಿಯನ್ನು ತೆರೆದಾಗ ಆಗುವ ಹಾಗೆ, ಗುಳ್ಳೆಗಳಾಗಿ ಏಳುವದು. ಇದನ್ನು ಲೋಕವು ಅರಿತದ್ದು ಮುಳುಗುವವರಿಂದ ಮಾತ್ರವಲ್ಲ, ಸೇತುವೆ ಕಟ್ಟುವವರಿಂದಲೂ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯವನ್ನು ಅಗೆಯುವದಕ್ಕಾಗಿ, ಒತ್ತಿದ ಗಾಳಿ ತುಂಬಿದ ಭಾರಿ ಮರದ ಪೆಟ್ಟಿಗೆಗಳನ್ನು ನದಿಯ ತಳಕ್ಕೆ ಇಳಿಸಿದ್ದರು. ಅವುಗಳೊಳಗೆ ಹೋಗಿಬರುತ್ತಿದ್ದ ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗನು ೧೮೭೨ರಲ್ಲಿ ಈ ರೋಗದಿಂದ ಹಾಸಿಗೆ ಹಿಡಿದನು. ಆಮೇಲೆ ಅವನ ಹೆಂಡತಿ ಎಮಿಲಿಯು ಗಣಿತವನ್ನೂ ಉಕ್ಕಿನ ಗುಣಗಳನ್ನೂ ತಾನೇ ಕಲಿತು, ಗಂಡನ ಸೂಚನೆಗಳನ್ನು ದಿನವೂ ಕೆಲಸದ ಸ್ಥಳಕ್ಕೆ ಒಯ್ದು, ಸೇತುವೆಯು ತೆರೆಯಲ್ಪಟ್ಟ ೧೮೮೩ರ ವರೆಗೂ ಆ ಕಾರ್ಯವನ್ನು ನಡಿಸಿದಳು. ನಮ್ಮ ಪಾಠಪುಸ್ತಕಗಳಲ್ಲಿ ಈಕೆಯ ಹೆಸರು ಏಕಿಲ್ಲವೋ ನಾನರಿಯೆ. ೧೯೦೮ರಲ್ಲಿ ಹಾಲ್ಡೇನ್ ಎಂಬ ಶಾಸ್ತ್ರಜ್ಞನೂ ಅವನ ಜೊತೆಗಾರರೂ ಆಡುಗಳ ಮೇಲೆ ಪರೀಕ್ಷೆ ಮಾಡಿ, ತಂಗಿ ತಂಗಿ ಮೇಲೇರುವ ಕ್ರಮವನ್ನು ಪ್ರಕಟಿಸಿದರು. ಈಗಿನ ರೂಢಿಯಂತೆ ನಿಮಿಷಕ್ಕೆ ಸುಮಾರು ಒಂಬತ್ತು ಮೀಟರಿಗಿಂತ ವೇಗವಾಗಿ ಏರದೆ, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವರು. ಮುಳುಗಿದ ಮರುದಿನದ ತನಕ ವಿಮಾನ ಹತ್ತದಿರುವದು ಒಳ್ಳೆಯದು.

ಇನ್ನು ದೋಣಿಯ ವಿಷಯ. ನೇತ್ರಾಣಿಯು ಮುರ್ಡೇಶ್ವರದ ತೀರದಿಂದ ಸುಮಾರು ೧೯ ಕಿಲೋಮೀಟರು ದೂರದಲ್ಲಿದೆ. ಮಳೆಗಾಲದಲ್ಲಿ ಅಲ್ಲಿಗೆ ಹೋಗುವಂತಿಲ್ಲ. ಕೆಳಗೆ ಜನರಿರುವರೆಂದು ತಿಳಿಸಲು ದೋಣಿಯ ಮೇಲೆ ಬಿಳಿ ನೀಲಿ ಬಣ್ಣದ ಸೀಳುಬಾಲದ ಬಾವುಟವನ್ನು ಏರಿಸುವದು ಎಲ್ಲಾ ದೇಶಗಳ ಪದ್ಧತಿ. ಜನರು ಇಳಿಯುವಾಗಲೂ ಹತ್ತುವಾಗಲೂ ಇಂಜಿನಿನ ಚಕ್ರವು ತಿರುಗುತ್ತಿರಕೂಡದು. ಮೇಲೇರುವವಳು ಒಂದು ಕೈಯನ್ನು ತಲೆಯ ಮೇಲೆತ್ತಿ, ಸುತ್ತಲೂ ನೋಡುತ್ತ ಬರಬೇಕು. ಹೆಬ್ಬೆರಳು ಮೇಲೆತ್ತಿದರೆ “ಚೆನ್ನಾಗಿದೆ” ಎಂಬರ್ಥವಲ್ಲ, “ಮೇಲಕ್ಕೆ ಹೋಗೋಣ” ಎಂಬರ್ಥ. ಹೊಸಬರು ಇದರಲ್ಲಿ ಎಡವಿ ಮೀನು ನೋಡುವದಕ್ಕೆ ಮುಂಚೆಯೇ ಮೇಲಕ್ಕೆ ಬರುವದುಂಟು.

ಎಲ್ಲಕ್ಕಿಂತ ಸುಲಭವಾದದ್ದೂ ಎಲ್ಲಕ್ಕಿಂತ ಮರೆಯಲ್ಪಡುವದೂ ಎಣಿಕೆಯೇ. ೧೯೯೮ರ ಜನವರಿ ೨೫ರಂದು ಆಸ್ಟ್ರೇಲಿಯದ ಮಹಾ ಹವಳದಿಬ್ಬದಲ್ಲಿ ಟಾಮ್ ಮತ್ತು ಐಲೀನ್ ಲೋನರ್ಗನ್ ಎಂಬ ಅಮೇರಿಕದ ದಂಪತಿಗಳು ಇನ್ನೂ ನೀರಿನೊಳಗಿರುವಾಗಲೇ ದೋಣಿಯು ಹೊರಟುಹೋಯಿತು. ಎಣಿಕೆಯು ತಪ್ಪಿತ್ತು. ಅವರ ಚೀಲವು ದೋಣಿಯಲ್ಲಿ ಉಳಿದಿದೆಯೆಂದು ಗೊತ್ತಾಗಿ ಹುಡುಕಲು ಆರಂಭಿಸುವಷ್ಟರಲ್ಲಿ ಎರಡು ದಿನಗಳು ಕಳೆದಿದ್ದವು. ಅವರು ಸಿಕ್ಕಲೇ ಇಲ್ಲ. ಅವರ ಬೆನ್ನಿನ ಸಾಧನಗಳಲ್ಲಿ ದೋಷವೇನೂ ಕಂಡುಬರಲಿಲ್ಲವೆಂಬದನ್ನು ಗಮನಿಸಿರಿ. ಆದ್ದರಿಂದ ತಲೆಗಳನ್ನು ಲೆಕ್ಕ ಮಾಡಿದರೆ ಸಾಲದು. ಪ್ರತಿಯೊಬ್ಬರ ಹೆಸರನ್ನು ಕೂಗಿ, ಅವರೇ ಉತ್ತರ ಕೊಟ್ಟ ಮೇಲೆ ಗುರುತು ಹಾಕಬೇಕು, ನಾವು ಶಾಲೆಯಲ್ಲಿ ಹಾಜರಿ ಹಿಡಿಯುತ್ತಿದ್ದ ಹಾಗೆ. ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಈ ಪಟ್ಟಿಯು ಯಾರ ಕೈಯಲ್ಲಿರುವದೆಂದೂ, ದೋಣಿಯಲ್ಲಿ ಆಮ್ಲಜನಕವೂ ರೇಡಿಯೋವೂ ಇರುವವೋ ಎಂದೂ, ಒಬ್ಬ ಶಿಕ್ಷಕನ ಪಾಲಿಗೆ ಎಷ್ಟು ಮಂದಿ ಹೊಸಬರೆಂದೂ ನಾಚಿಕೆಯಿಲ್ಲದೆ ಕೇಳಬೇಕು.

ಉಬ್ಬಸದ ಪ್ರಶ್ನೆಗೆ ಉತ್ತರವು ಇಷ್ಟರೊಳಗೆ ನಿಮಗೆ ಹೊಳೆದಿರಬಹುದು. ಉಬ್ಬಸದವರ ಸಣ್ಣ ಶ್ವಾಸನಾಳಗಳು ಒಮ್ಮೊಮ್ಮೆ ಬಿಗಿದುಕೊಳ್ಳುವವು. ಅವಳು ಉಸಿರು ಹಿಡಿಯದಿದ್ದರೂ ಅಂಥ ನಾಳದ ಹಿಂದೆ ಸಿಕ್ಕಿಕೊಂಡ ಗಾಳಿಯು ತಾನಾಗಿಯೇ ಹಿಡಿಯಲ್ಪಟ್ಟಿರುವದು. ಮೇಲೇರುವಾಗ ಅದು ಹಿಗ್ಗದೆ ಬಿಡುವದಿಲ್ಲ. ಸಿಲಿಂಡರಿನ ಗಾಳಿಯು ಒಣಗಿದ್ದೂ ತಣ್ಣಗಿನದೂ ಆಗಿರುವದರಿಂದ ನಾಳಗಳು ಬಿಗಿಯಲು ಅದೇ ಕಾರಣವಾಗಲೂಬಹುದು. ಹಾಗೆಂದು ಉಬ್ಬಸವಿದ್ದವರೆಲ್ಲರಿಗೂ ನಿಷೇಧವಿಲ್ಲ. ವೈದ್ಯರು ಉಸಿರಿನ ಬಲವನ್ನು ಅಳೆದು ಕೆಲವರಿಗೆ ಒಪ್ಪಿಗೆ ಕೊಡುವದುಂಟು. “ಅಮ್ಮಾ, ಹೌದು ಎಂದೇ ಬರೆ, ಬರೆದು ಮಗಳನ್ನು ವೈದ್ಯರಿಗೆ ತೋರಿಸು” ಎಂದು ಉತ್ತರ ಕಳುಹಿಸಿದೆನು.

ವೈದ್ಯರು ಹುಡುಗಿಯನ್ನು ಓಡಿಸಿ, ಕೊಳವೆಯಲ್ಲಿ ಊದಿಸಿ ನೋಡಿ, ಈ ವರ್ಷ ಬೇಡವೆಂದರಂತೆ. ನೀರಿನ ಮೇಲೆ ತೇಲುವದಕ್ಕೆ ಮಾತ್ರ ಅಡ್ಡಿ ಮಾಡಲಿಲ್ಲ. ಅವಳು ಗೆಳತಿಯರ ಕೂಡ ಹೋಗಿ, ತೇಲುಜಾಕೀಟು ತೊಟ್ಟು, ಮುಖವನ್ನು ನೀರಿಗಿಟ್ಟು ಒಂದು ಗಂಟೆ ಮೀನುಗಳನ್ನು ನೋಡಿದಳಂತೆ. ಹೊರಡುವ ಮುಂಚೆ ದೋಣಿಯವನ ಪಟ್ಟಿಯನ್ನು ಕೇಳಿ ತೆಗೆದುಕೊಂಡು ಗೆಳತಿಯರ ಹೆಸರುಗಳನ್ನು ತಾನೇ ಕೂಗಿದಳೆಂದು ತಾಯಿಯು ಎರಡನೆಯ ಕಾಗದದಲ್ಲಿ ಬರೆದಿದ್ದಾಳೆ.