ಶಾಲೆಗೆ ಹೋಗುವ ಮಗು: ಸುರಕ್ಷತೆ ಮತ್ತು ಒಡನಾಟ

ಬೆಳಗ್ಗೆ ಮಗುವನ್ನು ಶಾಲೆಯ ವಾಹನಕ್ಕೆ ಹತ್ತಿಸಿ ಮನೆಗೆ ಹಿಂದಿರುಗುವ ತಾಯಿತಂದೆಯರ ಮನಸ್ಸಿನಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಏಳುತ್ತವೆ. ಮಗು ಸಂಜೆ ಕ್ಷೇಮವಾಗಿ ಮರಳುವುದೇ? ಅಲ್ಲಿ ಅದು ಇತರ ಮಕ್ಕಳೊಡನೆ ಹೊಂದಿಕೊಳ್ಳುವುದೇ? ಮೊದಲನೆಯದು ಸುರಕ್ಷತೆಯ ಪ್ರಶ್ನೆ. ಎರಡನೆಯದು ಒಡನಾಟದ ಪ್ರಶ್ನೆ. ಇವೆರಡನ್ನೂ ಬೇರೆ ಬೇರೆಯಾಗಿ ನೋಡುವುದು ರೂಢಿ. ಆದರೆ ಇವು ಒಂದರೊಡನೊಂದು ಹೆಣೆದುಕೊಂಡಿವೆ ಎಂಬುದು ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಸ್ಥಿತಿಯನ್ನು ಗಮನಿಸಿದಾಗ ಸ್ಪಷ್ಟವಾಗುತ್ತದೆ.

ಹಲವು ಭಾಷೆಗಳ ನಗರದಲ್ಲಿ

ಹೈದರಾಬಾದಿಗೂ ಕನ್ನಡಿಗರಿಗೂ ಇರುವ ನಂಟು ಹಳೆಯದು. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಓದು, ವ್ಯಾಪಾರ, ನೌಕರಿಗಳಿಗಾಗಿ ಅಲ್ಲಿನ ಜನ ಈ ನಗರಕ್ಕೆ ಬಂದರು. ಕಾಚಿಗೂಡದಲ್ಲಿರುವ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆ ಆ ನಂಟಿನ ಕುರುಹುಗಳು. ಇಂದು ಉದ್ಯೋಗವನ್ನು ಅರಸಿ ಬರುವ ಕುಟುಂಬಗಳು ನಗರದ ಎಲ್ಲ ಬಡಾವಣೆಗಳಲ್ಲಿ ಚದುರಿಹೋಗಿವೆ. ಇಂತಹ ಮನೆಯ ಮಗು ಒಳಗೆ ಕನ್ನಡವನ್ನೂ, ಬೀದಿಯಲ್ಲಿ ತೆಲುಗು ಮತ್ತು ದಖ್ಖನಿ ಉರ್ದುವನ್ನೂ, ತರಗತಿಯಲ್ಲಿ ಬಹುಮಟ್ಟಿಗೆ ಇಂಗ್ಲಿಷನ್ನೂ ಕೇಳುತ್ತದೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ರಾಯಚೂರಿನಿಂದ ಬಂದ ಕುಟುಂಬದ ಆರು ವರ್ಷದ ಬಾಲಕಿ ಮನೆಯಲ್ಲಿ ಮಾತಿನ ಮಲ್ಲಿ. ಶಾಲೆಯಲ್ಲಿ ಮಾತ್ರ ಮೌನಿ. “ಬಹಳ ಒಳ್ಳೆಯ ಮಗು, ಯಾರ ತಂಟೆಗೂ ಹೋಗುವುದಿಲ್ಲ” ಎಂದು ಶಿಕ್ಷಕಿ ಹೇಳಿದಾಗ ತಾಯಿಗೆ ಸಮಾಧಾನವಾಗುತ್ತದೆ. ಒಂದು ಸಂಜೆ ಮಗು ಒದ್ದೆ ಬಟ್ಟೆಯಲ್ಲಿ ಮನೆಗೆ ಬರುತ್ತದೆ. ಶೌಚಾಲಯಕ್ಕೆ ಹೋಗಬೇಕೆಂದು ಯಾವ ಮಾತಿನಲ್ಲಿ ಕೇಳಬೇಕೆಂಬುದು ಅದಕ್ಕೆ ತಿಳಿದಿರಲಿಲ್ಲ. ಹೊಗಳಿಕೆಗೆ ಪಾತ್ರವಾಗಿದ್ದ ಆ ಮೌನ ಸದ್ಗುಣವಾಗಿರದೆ ಅಸಹಾಯಕತೆಯಾಗಿತ್ತು. ನೀರು ಬೇಕೆಂದು ಕೇಳಲಾರದ ಮಗು, ತನ್ನನ್ನು ಯಾರೋ ಹೊಡೆದರೆಂದು, ವಾಹನದಲ್ಲಿ ಯಾರೋ ಅನುಚಿತವಾಗಿ ವರ್ತಿಸಿದರೆಂದು ಹೇಗೆ ಹೇಳೀತು? ಒಡನಾಟದ ಪ್ರಶ್ನೆ ಸುರಕ್ಷತೆಯ ಪ್ರಶ್ನೆಯಾಗುವುದು ಇಲ್ಲಿಯೇ.

ಒಡನಾಟವೂ ಒಂದು ಕಲಿಕೆ

ಇತರರೊಡನೆ ಬೆರೆಯುವ ಶಕ್ತಿ ಹುಟ್ಟಿನಿಂದಲೇ ಪೂರ್ಣವಾಗಿ ಬರುವಂತಹುದಲ್ಲ. ಅಮೆರಿಕದ ಮಿಲ್ಡ್ರೆಡ್ ಪಾರ್ಟೆನ್ ಎಂಬ ಸಂಶೋಧಕಿ ಚಿಕ್ಕ ಮಕ್ಕಳ ಆಟವನ್ನು ಗಮನಿಸಿ 1932ರಲ್ಲಿ ಅದರ ಬಗೆಗಳನ್ನು ವಿವರಿಸಿದರು. ಮಗು ಒಂಟಿಯಾಗಿ ಆಡುತ್ತದೆ. ಇತರರ ಆಟವನ್ನು ನಿಂತು ನೋಡುತ್ತದೆ. ಅವರ ಪಕ್ಕದಲ್ಲಿ ಕುಳಿತು ತನ್ನ ಆಟವನ್ನೇ ಆಡುತ್ತದೆ. ಅನಂತರ ಅವರೊಡನೆ ಬೆರೆತು, ಕೊನೆಗೆ ಕೆಲಸ ಹಂಚಿಕೊಂಡು ಕೂಡಿ ಆಡುತ್ತದೆ. ಹೊಸ ಊರು, ಹೊಸ ಭಾಷೆಯ ನಡುವೆ ಬಂದ ಮಗು ಕೆಲಕಾಲ ನೋಡುತ್ತ ನಿಲ್ಲುವುದು ಸಹಜ. ಅದನ್ನು ದಡ್ಡತನವೆಂದು ಹಳಿಯಬಾರದು. ಹಾಗೆಂದು ತಿಂಗಳುಗಟ್ಟಲೆ ಉಪೇಕ್ಷಿಸಲೂ ಬಾರದು.

2018ರ ಕಾನೂನಿನ ಮೇರೆಗೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯವಾಗಿದೆ. ಕನ್ನಡದ ಮಗುವಿಗೆ ಇದು ಹೊರೆಯಾಗಬೇಕಿಲ್ಲ. ನಮ್ಮ ಹಾಲು ತೆಲುಗಿನಲ್ಲಿ ಪಾಲು, ಹುಲಿ ಪುಲಿ, ಹಂದಿ ಪಂದಿ. ಇಂತಹ ಜೋಡಿಗಳನ್ನು ಹುಡುಕುವುದನ್ನೇ ಮನೆಯ ಆಟವಾಗಿಸಬಹುದು. ನೀರು, ಹಸಿವು, ಶೌಚಾಲಯ, ಹೊಟ್ಟೆನೋವು, “ನನಗೆ ಬೇಡ”, “ನನಗೆ ಸಹಾಯ ಮಾಡಿ”—ಇಷ್ಟನ್ನು ಶಾಲೆಯ ಭಾಷೆಯಲ್ಲಿಯೂ ತೆಲುಗಿನಲ್ಲಿಯೂ ಮೊದಲ ವಾರದಲ್ಲಿಯೇ ಕಲಿಸಬೇಕು. ನೆರೆಮನೆಯ ಒಂದಿಬ್ಬರು ಮಕ್ಕಳನ್ನು ಆಟಕ್ಕೆ ಕರೆದರೆ ಮಗುವಿನ ಸಂಕೋಚ ಬೇಗ ಕರಗುತ್ತದೆ.

ಇಂಗ್ಲಿಷ್ ಬೇಗ ಬರಲೆಂದು ಮನೆಯಲ್ಲಿ ಕನ್ನಡವನ್ನು ಬಿಡಿಸುವ ತಾಯಿತಂದೆಯರೂ ಉಂಟು. ಇದು ತಪ್ಪು ಎಣಿಕೆ. ದುಃಖ, ನಾಚಿಕೆ, ಭಯಗಳನ್ನು ಮಗು ತೋಡಿಕೊಳ್ಳುವುದು ತನಗೆ ಸಲೀಸಾದ ಮಾತಿನಲ್ಲಿ. ಆ ಮಾತನ್ನು ಕಿತ್ತುಕೊಂಡರೆ ಸಂಕಟವನ್ನು ಹೇಳಿಕೊಳ್ಳುವ ದಾರಿಯನ್ನೇ ಮುಚ್ಚಿದಂತಾಗುತ್ತದೆ.

ರಕ್ಷಣೆಯ ಹೊಣೆ ಹಿರಿಯರದು

ಮಗು ಎಷ್ಟೇ ಚುರುಕಾಗಿರಲಿ, ತನ್ನನ್ನು ತಾನೇ ಕಾಪಾಡಿಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಬೆಂಕಿ ಹೊತ್ತಿ 94 ಮಕ್ಕಳು ಮಡಿದರು. ಈ ದುರಂತದ ಹಿನ್ನೆಲೆಯಲ್ಲಿ 2009ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಸುರಕ್ಷಿತ ಕಟ್ಟಡದಲ್ಲಿ ಕಲಿಯುವುದು ಮಗುವಿನ ಶಿಕ್ಷಣದ ಹಕ್ಕಿನ ಭಾಗವೆಂದು ಎತ್ತಿಹಿಡಿಯಿತು. 2014ರ ಜುಲೈ 24ರಂದು ಮೆದಕ್ ಜಿಲ್ಲೆಯ ಮಾಸಾಯಿಪೇಟೆಯ ಬಳಿ, ಕಾವಲಿಲ್ಲದ ರೈಲ್ವೆ ದಾಟುದಾರಿಯಲ್ಲಿ ಶಾಲಾ ವಾಹನಕ್ಕೆ ರೈಲು ಬಡಿದು ಅನೇಕ ಮಕ್ಕಳು ಪ್ರಾಣ ಕಳೆದುಕೊಂಡರು. ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಇಂತಹ ದಾಟುದಾರಿಗಳನ್ನು 2019ರ ಜನವರಿಯ ವೇಳೆಗೆ ರೈಲ್ವೆಯು ನಿವಾರಿಸಿತು. ಈ ದುರಂತಗಳಲ್ಲಿ ಮಕ್ಕಳ ತಪ್ಪು ಏನೂ ಇರಲಿಲ್ಲ.

ಆದುದರಿಂದ ಶಾಲೆಗೆ ಸೇರಿಸುವ ಮುನ್ನ ಪೋಷಕರು ಕಟ್ಟಡವನ್ನು ಸುತ್ತಿ ನೋಡಬೇಕು. ಹೊರಹೋಗುವ ದಾರಿಗಳು ತೆರೆದಿವೆಯೇ? ಬೆಂಕಿ ಆರಿಸುವ ಸಾಧನಗಳಿವೆಯೇ? ಶೌಚಾಲಯಗಳು ಕಣ್ಗಾವಲಿನ ವ್ಯಾಪ್ತಿಯಲ್ಲಿವೆಯೇ? ವಾಹನದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕಿಟಕಿಗೆ ಅಡ್ಡಸರಳು, ಭದ್ರವಾದ ಬಾಗಿಲು, ಜೊತೆಗೆ ಒಬ್ಬ ಸಹಾಯಕರು ಇದ್ದಾರೆಯೇ? ಮಿತಿಮೀರಿ ಮಕ್ಕಳನ್ನು ತುಂಬುವ ಆಟೋ ಅಗ್ಗವೆಂದು ಒಪ್ಪಿಕೊಳ್ಳುವುದು ದುಬಾರಿಯಾಗಿ ಪರಿಣಮಿಸಬಹುದು.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಅಧಿನಿಯಮದ 17ನೆಯ ವಿಧಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ನಿರ್ವಹಣಾ ಸಮಿತಿಗಳಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿಗಳು ಅಥವಾ ಪಾಲಕರೇ ಆಗಿರಬೇಕು. ಅನುದಾನರಹಿತ ಶಾಲೆಗಳಿಗೆ ಈ ನಿಯಮ ಅನ್ವಯಿಸದು. ಅಲ್ಲಿ ಪೋಷಕರು ತಾವೇ ಒಗ್ಗೂಡಿ ಪ್ರಶ್ನಿಸಬೇಕಾಗುತ್ತದೆ.

ಮಗು ಹೇಳಿದಾಗ

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಅಧಿನಿಯಮ, ಅಂದರೆ ಪೋಕ್ಸೊ, ಅದೇ ವರ್ಷದ ನವೆಂಬರ್ 14ರಂದು ಜಾರಿಗೆ ಬಂತು. ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ವರದಿ ಮಾಡುವುದು ಇದರಂತೆ ಕಡ್ಡಾಯ. ಸಂಸ್ಥೆಯ ಮುಖ್ಯಸ್ಥರು ಶಾಲೆಯ ಮಾನಕ್ಕೆ ಅಂಜಿ ಮುಚ್ಚಿಟ್ಟರೆ ಅವರೂ ಶಿಕ್ಷೆಗೆ ಗುರಿಯಾಗುತ್ತಾರೆ. ಮಗುವನ್ನು ಠಾಣೆಗೆ ಅಲೆದಾಡಿಸಬೇಕಾಗಿಲ್ಲ. ಅದರ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದಕ್ಕೆ ಒಪ್ಪಿಗೆಯಾದ ಸ್ಥಳದಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿ ಬರೆದುಕೊಳ್ಳಬೇಕು. ಮಗುವಿನ ಭಾಷೆ ಅಧಿಕಾರಿಗೆ ತಿಳಿಯದಿದ್ದರೆ ಭಾಷಾಂತರಕಾರರ ನೆರವು ಪಡೆಯಲು ಅವಕಾಶವಿದೆ. ಕನ್ನಡ ಕುಟುಂಬಗಳು ಇದನ್ನು ವಿಶೇಷವಾಗಿ ನೆನಪಿಡಬೇಕು. ಹೈದರಾಬಾದಿನಲ್ಲಿ ಇಂತಹ ಸಂದರ್ಭಗಳಿಗೆಂದೇ ‘ಭರೋಸಾ’ ಕೇಂದ್ರ 2016ರಲ್ಲಿ ಆರಂಭವಾಯಿತು. ತುರ್ತು ಸಂದರ್ಭದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕಾಗಲಿ, 112ಕ್ಕಾಗಲಿ ಉಚಿತವಾಗಿ ಕರೆಮಾಡಬಹುದು.

ಕಾನೂನಿನ ನೆರವು ದೊರೆಯುವುದು ಮಗು ಬಾಯಿಬಿಟ್ಟ ಮೇಲೆ, ಹಿರಿಯರು ಕಿವಿಗೊಟ್ಟ ಮೇಲೆ. “ಇವತ್ತು ಎಷ್ಟು ಅಂಕ?” ಎಂದು ಕೇಳುವ ಮೊದಲು “ಇವತ್ತು ಯಾರ ಜೊತೆ ಊಟ ಮಾಡಿದೆ?” ಎಂದು ಕೇಳಿರಿ. ಮಗು ಅಹಿತವಾದುದನ್ನು ಹೇಳಿದಾಗ ಗಾಬರಿಪಡಬೇಡಿರಿ, ಗದರಬೇಡಿರಿ, “ಛೇ, ಹಾಗೆಲ್ಲ ಹೇಳಬಾರದು” ಎಂದು ಬಾಯಿ ಮುಚ್ಚಿಸಬೇಡಿರಿ. ಹೇಳಿದ್ದು ಒಳ್ಳೆಯದಾಯಿತೆಂದೂ, ತಪ್ಪು ಅದರದಲ್ಲವೆಂದೂ ಮೊದಲು ತಿಳಿಸಿರಿ. ಶಾಲೆಗೆ ಹೋಗಲು ಹಠಾತ್ತಾಗಿ ಹಿಂಜರಿಯುವುದು, ನಿದ್ದೆಯಲ್ಲಿ ಬೆಚ್ಚುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರಳುವುದು—ಇವಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಮಗುವನ್ನು ವಿಚಾರಿಸದೆ ಬಿಡಬಾರದು.

ಭಯದಿಂದ ಮಗುವನ್ನು ಮನೆಯೊಳಗೇ ಕಟ್ಟಿಹಾಕಿದರೆ ಅದಕ್ಕೆ ಗೆಳೆಯರಿರುವುದಿಲ್ಲ, ಮಾತೂ ಬೆಳೆಯುವುದಿಲ್ಲ. ಅಪಾಯ ಬಂದಾಗ ಅದು ಇನ್ನಷ್ಟು ಒಂಟಿಯಾಗುತ್ತದೆ. ಸುತ್ತಲಿನ ವ್ಯವಸ್ಥೆಯನ್ನು ಹಿರಿಯರು ಭದ್ರಪಡಿಸಲಿ. ಅದರೊಳಗೆ ಮಗು ನಿರ್ಭಯವಾಗಿ ನಾಲ್ವರೊಡನೆ ಬೆರೆಯಲಿ.

ಮನನಕ್ಕೆ

1. ನಿಮ್ಮ ಮಗುವಿನ ಇಬ್ಬರು ಸಹಪಾಠಿಗಳ ಹೆಸರು ನಿಮಗೆ ತಿಳಿದಿದೆಯೇ?
2. ಶೌಚಾಲಯಕ್ಕೆ ಹೋಗಬೇಕೆಂದು ಅದು ಶಾಲೆಯಲ್ಲಿ ಯಾವ ಭಾಷೆಯಲ್ಲಿ ಕೇಳುತ್ತದೆ?
3. ಮನೆಯವರಲ್ಲದೆ, ತೊಂದರೆಯಾದಾಗ ಅದು ನಂಬಿ ಹೇಳಿಕೊಳ್ಳಬಹುದಾದ ಹಿರಿಯರು ಯಾರು?
4. ಮಗು ಕಳೆದ ವಾರ ಹೇಳಲು ಬಂದು, ನಿಮ್ಮ ಅವಸರದಿಂದಾಗಿ ಹೇಳದೆ ಬಿಟ್ಟ ಮಾತು ಯಾವುದಾದರೂ ಇದೆಯೇ? ಇಂದು ಸಂಜೆ ಕೇಳಿ ನೋಡಿರಿ.