ರಕ್ತದಲ್ಲಿ ಕ್ರಿಯಾಟಿನಿನ್: ಏರಿದುದು ಇಳಿಯಬಲ್ಲುದೇ?

ರಕ್ತಪರೀಕ್ಷೆಯ ಚೀಟಿಯಲ್ಲಿ ‘ಕ್ರಿಯಾಟಿನಿನ್’ ಎಂಬುದರ ಮುಂದಿನ ಅಂಕೆ ಹೆಚ್ಚಾಗಿರುವುದನ್ನು ಕಂಡು ಎಷ್ಟೋ ಮನೆಗಳವರು ಕಂಗೆಡುತ್ತಾರೆ. ಈ ಅಂಕೆಯ ಅರ್ಥವೇನು? ಏರಿದುದು ಮತ್ತೆ ಇಳಿಯಬಲ್ಲುದೇ?

ನಮ್ಮ ಸ್ನಾಯುಗಳಿಗೆ ಶಕ್ತಿಯನ್ನೊದಗಿಸಲು ನೆರವಾಗುವ ಕ್ರಿಯಾಟಿನ್ ಎಂಬ ವಸ್ತುವೊಂದುಂಟು. ಅದರ ಸ್ವಲ್ಪಾಂಶವು ಪ್ರತಿದಿನವೂ ಕ್ರಿಯಾಟಿನಿನ್ ಆಗಿ ಮಾರ್ಪಟ್ಟು ರಕ್ತವನ್ನು ಸೇರುತ್ತದೆ. ಮೂತ್ರಪಿಂಡಗಳು ಅದನ್ನು ಸೋಸಿ ಹೊರಹಾಕುತ್ತವೆ. ವಯಸ್ಕರಲ್ಲಿ ಸಾಮಾನ್ಯವಾಗಿ 100 ಮಿಲಿಲೀಟರ್ ರಕ್ತದ್ರವದಲ್ಲಿ ಸುಮಾರು 0.6ರಿಂದ 1.2 ಮಿಲಿಗ್ರಾಂ ಇರುತ್ತದೆ. ಸೋಸುವ ಕೆಲಸ ಕುಂದಿದರೆ ಈ ಅಂಕೆ ಏರುತ್ತದೆ. ಬಚ್ಚಲಲ್ಲಿ ನೀರು ನಿಂತರೆ ದೋಷವು ನೀರಿನದಲ್ಲ, ಹೊರಹೋಗುವ ದಾರಿಯದು. ಇದೂ ಹಾಗೆಯೇ.

1886ರಲ್ಲಿ ಜರ್ಮನಿಯ ಮ್ಯಾಕ್ಸ್ ಯಾಫೆ ಎಂಬ ವಿಜ್ಞಾನಿಯು ಕ್ಷಾರದ್ರವದಲ್ಲಿ ಪಿಕ್ರಿಕ್ ಆಮ್ಲದೊಡನೆ ಕ್ರಿಯಾಟಿನಿನ್ ಬೆರೆತಾಗ ಕಿತ್ತಳೆಗೆಂಪು ಬಣ್ಣ ಬರುವುದನ್ನು ಪ್ರಕಟಿಸಿದನು. ಅದನ್ನಾಧರಿಸಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.

ಆದರೆ ಅಂಕೆಯೊಂದನ್ನೇ ನೋಡಿ ನಿರ್ಧರಿಸಲಾಗದು. ಮೈಕಟ್ಟುಳ್ಳ ಕುಸ್ತಿಯಾಳಿಗೆ 1.2 ಸಹಜವಾಗಿರಬಹುದು, ಮೈ ಸೊರಗಿದ ಮುದುಕಿಯಲ್ಲಿ ಅದೇ ಅಂಕೆ ಮೂತ್ರಪಿಂಡದ ಬಲ ಕುಗ್ಗಿದುದರ ಸೂಚನೆಯಾಗಬಹುದು. ಆದುದರಿಂದಲೇ ವೈದ್ಯರು ವಯಸ್ಸನ್ನೂ ಲಿಂಗವನ್ನೂ ಸೇರಿಸಿ ಸೋಸುವ ಪ್ರಮಾಣವನ್ನು ಲೆಕ್ಕಹಾಕುತ್ತಾರೆ. ಒಬ್ಬರಲ್ಲಿಯೇ ಅಂಕೆ 1ರಿಂದ 2ಕ್ಕೆ ಏರಿ ನಿಂತರೆ ಸೋಸುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯಿತೆಂದು ತಿಳಿಯಬೇಕು.

ಈ ಏರಿಕೆಯಲ್ಲಿ ಎರಡು ಬಗೆ. ಮೊದಲನೆಯದು ಹಠಾತ್ತಾಗಿ ಬರುವುದು. ವಾಂತಿಭೇದಿ, ನೀರಿಲ್ಲದೆ ಬಿಸಿಲಿನಲ್ಲಿ ದುಡಿತ, ಮೂತ್ರದ ಹಾದಿಗೆ ಅಡ್ಡವಾದ ಕಲ್ಲು, ಕೆಲವು ನೋವಿನ ಮಾತ್ರೆಗಳು ಇದಕ್ಕೆ ಕಾರಣ. ಕಾರಣವನ್ನು ಬೇಗನೆ ನೀಗಿದರೆ ಅನೇಕ ವೇಳೆ ಅಂಕೆ ಇಳಿಯುತ್ತದೆ. ತಡವಾದರೆ ಹಾನಿ ಉಳಿದುಬಿಡಬಹುದು.

ಎರಡನೆಯದು ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಮೊದಲಾದವುಗಳಿಂದ ವರ್ಷಗಟ್ಟಲೆ ಬೆಳೆದುದು. ಕಲೆಗಟ್ಟಿದ ಭಾಗ ಮತ್ತೆ ಮೊದಲಿನಂತಾಗದು. ಆದರೆ ಸಕ್ಕರೆ, ಒತ್ತಡಗಳನ್ನು ಹತೋಟಿಯಲ್ಲಿಟ್ಟರೆ ಉಳಿದುದನ್ನು ಬಹುಕಾಲ ಕಾಪಾಡಿಕೊಳ್ಳಬಹುದು.

ಅಂಕೆ ಇಳಿದ ಮಾತ್ರಕ್ಕೆ ರೋಗ ಗುಣವಾಯಿತೆನ್ನಲಾಗದು. ಡಯಾಲಿಸಿಸ್ಸಿನಿಂದ ಕ್ರಿಯಾಟಿನಿನ್ ಇಳಿಯುತ್ತದೆ, ಮೂತ್ರಪಿಂಡ ವಾಸಿಯಾಗುವುದಿಲ್ಲ. ಸ್ನಾಯು ಕರಗಿ ಮೈ ಬಡವಾದರೂ ಅದು ಇಳಿಯುತ್ತದೆ. ಆದುದರಿಂದ ‘ಇಳಿಸುವುದು ಹೇಗೆ?’ ಎನ್ನುವುದಕ್ಕೆ ಮೊದಲು ‘ಏರಿದುದೇಕೆ?’ ಎಂದು ಕೇಳಬೇಕು.

ನಮ್ಮ ಹಳ್ಳಿಗಳಲ್ಲಿ ದುಡಿದು ದಣಿದವರು ಮೈಕೈ ನೋವಿಗೆ ಅಂಗಡಿಯ ಮಾತ್ರೆಯನ್ನು ದಿನವೂ ನುಂಗುವುದುಂಟು. ಈ ರೋಗವೋ ಮೊದಮೊದಲು ನೋವನ್ನೇ ತೋರದು. ಸಕ್ಕರೆ ಕಾಯಿಲೆ, ರಕ್ತದ ಒತ್ತಡವುಳ್ಳವರು ವರ್ಷಕ್ಕೊಮ್ಮೆಯಾದರೂ ರಕ್ತ, ಮೂತ್ರಗಳನ್ನು ಪರೀಕ್ಷಿಸಿಕೊಳ್ಳುವುದು ಅವಶ್ಯ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಆ ಚೀಟಿಯನ್ನು ಓದಬಲ್ಲವರು ನಾವೇ ಮೊದಲಿಗರು. ಅದನ್ನು ತಿಳಿದು ಓದಿ, ಹೆದರಿಸದೆ, ಮರೆಸದೆ, ಹಿರಿಯರನ್ನು ವೈದ್ಯರ ಬಳಿಗೆ ಕರೆದೊಯ್ಯುವುದು ವಿದ್ಯಾವಂತರಾದ ನಮ್ಮ ಕರ್ತವ್ಯ.